‘ರೆಡ್ ಇಂಡಿಯನ್’ ಬೇಡ, ಸರಿ. ಹಾಗಾದರೆ ಏನೆಂದು ಬರೆಯಬೇಕು?

ಪ್ರಶ್ನೆ: ಉತ್ತರ ಅಮೆರಿಕದ ಇತಿಹಾಸದ ಬಗ್ಗೆ ಮಕ್ಕಳ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶಾಲೆಯಲ್ಲಿ ಕಲಿತಂತೆ ‘ರೆಡ್ ಇಂಡಿಯನ್ನರು’ ಎಂದು ಬರೆದಿದ್ದೆ. ಸಂಪಾದಕರು ಹೊಡೆದುಹಾಕಿದರು. ‘ಎಸ್ಕಿಮೊ’ ಕೂಡ ಬೇಡವಂತೆ. ಆದರೆ ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂ ಹೆಸರಿನಲ್ಲೇ ‘ಅಮೆರಿಕನ್ ಇಂಡಿಯನ್’ ಇದೆ. ಕೆನಡಾದಲ್ಲಿ ಕಾಯ್ದೆಯ ಹೆಸರೇ ‘ಇಂಡಿಯನ್ ಆ್ಯಕ್ಟ್’. ನೇಟಿವ್, ಅಬಾರಿಜಿನಲ್, ಇಂಡಿಜಿನಸ್, ಫಸ್ಟ್ ನೇಷನ್ಸ್, ಇವುಗಳಲ್ಲಿ ಯಾವುದು ಸರಿ? ಕನ್ನಡದಲ್ಲಿ ಆದಿವಾಸಿ ಅನ್ನಬಹುದೇ? ಇನ್ನೊಂದು ಮಾತು. ಹೆಸರು ಬದಲಿಸಿದರೆ ಅವರ ಬದುಕು ಬದಲಾಗುತ್ತದೆಯೇ, ಅಥವಾ ಇದೆಲ್ಲ ಸುಮ್ನೆ ಮಾತಿನ ನಾಜೂಕೇ?

ಉತ್ತರ: ಮೊದಲು ನಿಮ್ಮ ಕೆಲಸಕ್ಕೆ ಬೇಕಾದ್ದನ್ನು ಹೇಳಿಬಿಡುತ್ತೇನೆ. ಸಾಧ್ಯವಿರುವ ಕಡೆಯೆಲ್ಲ ಆಯಾ ಸಮುದಾಯ ಇಂದು ತಾನೇ ಒಪ್ಪಿ ಬಳಸುವ ಹೆಸರನ್ನು ಬರೆಯಿರಿ: ಚೆರೊಕೀ, ಲಕೋಟಾ, ಹೋಪಿ, ಕ್ರೀ, ಇನೂಯಿಟ್. ಎಲ್ಲರನ್ನೂ ಒಟ್ಟಾಗಿ ಹೇಳಲೇಬೇಕಾದಾಗ ಮಾತ್ರ ಸಮೂಹದ ಪದಕ್ಕೆ ಕೈಹಾಕಿ. ಆ ಪದ ದೇಶದಿಂದ ದೇಶಕ್ಕೆ ಬೇರೆ. ‘ರೆಡ್ ಇಂಡಿಯನ್’ ಅನ್ನೋದನ್ನು ಪೂರ್ತಿ ಬಿಡಿ. ಅದು ಮೈಬಣ್ಣದ ಮೇಲೆ ಹಚ್ಚಿದ ಹೆಸರು. ಅಲ್ಲಿ ಯಾರೂ ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ. ಇಷ್ಟು ನಿಯಮ. ಆದರೆ ಕಾರಣ ಗೊತ್ತಿಲ್ಲದಿದ್ದರೆ ಮುಂದಿನ ಪುಟದಲ್ಲೇ ನಿಯಮ ಕೈಕೊಡುತ್ತದೆ. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

‘ಇಂಡಿಯನ್’ ಎಂಬ ಹೆಸರು ತಪ್ಪು ತಿಳಿವಳಿಕೆಯಿಂದ ಬಂತು ಅನ್ನೋದು ಎಲ್ಲರಿಗೂ ಗೊತ್ತು. 1492ರಲ್ಲಿ ಬಹಾಮಾಸ್‌ನ ಒಂದು ದ್ವೀಪದಲ್ಲಿ ಇಳಿದ ಕೊಲಂಬಸ್ ತಾನು ಏಷ್ಯಾದ ಅಂಚು ತಲುಪಿದೆ ಅಂದುಕೊಂಡ. ಆದರೆ ಅದು ಏಷ್ಯಾ ಅಲ್ಲ ಅನ್ನೋದು ಯುರೋಪಿಗೆ ಬೇಗನೇ ತಿಳಿಯಿತು. ಹೆಸರು ಮಾತ್ರ ಹೋಗಲಿಲ್ಲ. ಯಾಕೆಂದರೆ ಅದು ಬಂದವರಿಗೆ ಅನುಕೂಲವಾಗಿತ್ತು. ಆ ಖಂಡದಲ್ಲಿ ನೂರಾರು ಜನಸಮುದಾಯಗಳಿದ್ದವು. ಒಬ್ಬೊಬ್ಬರದು ಒಂದೊಂದು ಭಾಷೆ, ಒಂದೊಂದು ಆಡಳಿತ. ಮೆಕ್ಕೆಜೋಳ ಬೆಳೆದು ಊರು ಕಟ್ಟಿಕೊಂಡವರಿದ್ದರು, ಕಾಡೆಮ್ಮೆಯ ಹಿಂದೆ ನಡೆಯುವವರಿದ್ದರು, ಸಮುದ್ರದ ಮೀನನ್ನೇ ನಂಬಿದವರಿದ್ದರು. ಅವರೆಲ್ಲರಿಗೂ ಒಂದೇ ಹೆಸರಿಟ್ಟರೆ ಒಂದೇ ಕಾನೂನು ಸಾಕು, ಒಂದೇ ಇಲಾಖೆ ಸಾಕು. ಅಮೆರಿಕ 1824ರಲ್ಲಿ ಇಂಡಿಯನ್ ವ್ಯವಹಾರಗಳ ಕಚೇರಿ ತೆರೆದದ್ದು ಯುದ್ಧ ಇಲಾಖೆಯ ಒಳಗೆ. 1830ರಲ್ಲಿ ‘ಇಂಡಿಯನ್ ರಿಮೂವಲ್ ಆ್ಯಕ್ಟ್’ ಬಂತು. ಅದರ ಬೆನ್ನಿಗೆ 1838–39ರಲ್ಲಿ ಚೆರೊಕೀ ಜನರನ್ನು ಊರುಬಿಡಿಸಿ ಪಶ್ಚಿಮಕ್ಕೆ ಅಟ್ಟಿದರು. ಸಾವಿರಾರು ಮಂದಿ ದಾರಿಯಲ್ಲೇ ಸತ್ತರು. ಎತ್ತಂಗಡಿ ಮಾಡುವವರಿಗೆ ಇವರು ಚೆರೊಕೀಯೋ, ಚೊಕ್ಟಾವೋ, ಮಸ್ಕೋಗಿಯೋ ಅನ್ನುವುದು ಮುಖ್ಯವಾಗಿರಲಿಲ್ಲ. ಇಂಡಿಯನ್ ಆಗಿದ್ದರೆ ಸಾಕಿತ್ತು.

ಹಾಗಿದ್ದೂ ಅಮೆರಿಕದ ಮೂಲಜನರು ಈ ಪದವನ್ನು ಯಾಕೆ ಎಸೆಯಲಿಲ್ಲ? ನಿಮ್ಮ ಪ್ರಶ್ನೆಯ ಗಟ್ಟಿ ಭಾಗ ಇದೇ. ಕಾರಣ ಆ ಪದದ ಮೇಲೆ ಅವರ ಹಕ್ಕುಗಳು ನಿಂತಿವೆ. 1778ರಿಂದ 1871ರವರೆಗೆ ಅಮೆರಿಕ ಸರ್ಕಾರ ಅವರೊಂದಿಗೆ ಸುಮಾರು 370 ಒಪ್ಪಂದಗಳನ್ನು ಮಾಡಿಕೊಂಡಿತು. ಎಷ್ಟೋ ಒಪ್ಪಂದಗಳನ್ನು ಸರ್ಕಾರವೇ ಮುರಿಯಿತು. ಆದರೂ ಕಾಗದ ಉಳಿಯಿತು. ಆ ಕಾಗದದಲ್ಲಿ ಇರುವ ಪದ ‘ಇಂಡಿಯನ್’.

ಒಂದು ಉದಾಹರಣೆ ಹತ್ತಿರದಿಂದ ನೋಡಿ. 1854–55ರಲ್ಲಿ ಈಗಿನ ವಾಷಿಂಗ್ಟನ್ ರಾಜ್ಯದಲ್ಲಿ ಅಲ್ಲಿನ ಸಮುದಾಯಗಳು ವಿಶಾಲ ಭೂಮಿಯನ್ನು ಬಿಟ್ಟುಕೊಟ್ಟವು. ಒಂದನ್ನು ಮಾತ್ರ ಉಳಿಸಿಕೊಂಡವು: ತಮ್ಮ ವಾಡಿಕೆಯ ಜಾಗಗಳಲ್ಲಿ, ಇತರ ಪ್ರಜೆಗಳ ಜೊತೆಜೊತೆಗೆ, ಮೀನು ಹಿಡಿಯುವ ಹಕ್ಕು. ನೂರು ವರ್ಷ ಕಳೆಯುವಷ್ಟರಲ್ಲಿ ತಮ್ಮದೇ ನದಿಯಲ್ಲಿ ಬಲೆ ಹಾಕಿದ್ದಕ್ಕೆ ಅವರನ್ನು ಬಂಧಿಸುವ ಸ್ಥಿತಿ ಬಂತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಹಳೆಯ ಒಪ್ಪಂದವನ್ನು ಓದಿ, ‘ಜೊತೆಜೊತೆಗೆ’ ಅಂದರೆ ಸಮಪಾಲು, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಇವರದು ಎಂದು ತೀರ್ಪು ಕೊಟ್ಟರು. 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2020ರಲ್ಲಿ ಇನ್ನೊಂದು ಪ್ರಕರಣ. ಓಕ್ಲಹೋಮಾದ ಪೂರ್ವಭಾಗದಲ್ಲಿ ಮಸ್ಕೋಗಿ ಜನರಿಗೆ ಮೀಸಲಿಟ್ಟ ನೆಲ ಇಂದಿಗೂ ಮೀಸಲು ನೆಲವೇ, ಅದನ್ನು ಅಮೆರಿಕದ ಸಂಸತ್ತು (ಕಾಂಗ್ರೆಸ್) ಎಂದೂ ರದ್ದು ಮಾಡಿಲ್ಲ ಎಂದು ಅದೇ ಕೋರ್ಟ್ ಹೇಳಿತು. ಆಧಾರ ಮತ್ತೆ ಹತ್ತೊಂಬತ್ತನೇ ಶತಮಾನದ ಒಪ್ಪಂದ, ಮತ್ತೆ ಅದೇ ಪದ. ಹೀಗಿರುವಾಗ ಹೊರಗಿನವರು ಬಂದು ‘ಆ ಪದ ಕೆಟ್ಟದ್ದು, ಬಿಟ್ಟುಬಿಡಿ’ ಅಂದರೆ ಅದು ಉಪಕಾರವಲ್ಲ.

ಕಾನೂನಿನ ಮಾತು ಹಾಗಿರಲಿ, ಹೋರಾಟಗಾರರೂ ಇದೇ ಪದವನ್ನು ಎತ್ತಿಕೊಂಡಿದ್ದಾರೆ. 1968ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ಸಂಘಟನೆಯ ಹೆಸರು ‘ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್’. ಹಿರಿಯರಲ್ಲಿ ಎಷ್ಟೋ ಜನ ಇವತ್ತಿಗೂ ತಮ್ಮನ್ನು ಇಂಡಿಯನ್ ಅಂತಲೇ ಹೇಳಿಕೊಳ್ಳುತ್ತಾರೆ. ‘ನೇಟಿವ್ ಅಮೆರಿಕನ್’ ಅನ್ನೋದು 1960–70ರ ದಶಕದಲ್ಲಿ ಜಾಸ್ತಿ ಬಳಕೆಗೆ ಬಂತು. ಅದು ಸಭ್ಯ ಪದ, ಆದರೆ ಎಲ್ಲರಿಗೂ ಇಷ್ಟವಾದ ಪದವಲ್ಲ. ಆದ್ದರಿಂದ ಅಮೆರಿಕದ ವಿಷಯ ಬಂದಾಗ ‘ಅಮೆರಿಕನ್ ಇಂಡಿಯನ್’, ‘ನೇಟಿವ್ ಅಮೆರಿಕನ್’ ಎರಡೂ ನಡೆಯುತ್ತವೆ. ಅಲಾಸ್ಕಾದವರನ್ನೂ ಹವಾಯಿಯವರನ್ನೂ ಬೇರೆಯಾಗಿಯೇ ಹೆಸರಿಸಿ. ನಡೆಯದ್ದು ‘ರೆಡ್’ ಸೇರಿಸಿದ ಪದಗಳು. ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡ ದಶಕಗಳ ಕಾಲ ‘ರೆಡ್‌ಸ್ಕಿನ್ಸ್’ ಎಂಬ ಹೆಸರಿಟ್ಟುಕೊಂಡಿತ್ತು. ಮೂಲಜನರ ಸಂಘಟನೆಗಳು ವರ್ಷಗಟ್ಟಲೆ ಬಡಿದಾಡಿದ ಮೇಲೆ, 2020ರಲ್ಲಿ ಅದನ್ನು ಕೈಬಿಟ್ಟಿತು. ಮೂಲಜನರ ಹೆಂಗಸರನ್ನು ಹೀನಾಯವಾಗಿ ಕರೆಯುವ ಪದವೊಂದು ಬೆಟ್ಟ, ಹಳ್ಳ, ಕಣಿವೆಗಳ ಹೆಸರಲ್ಲಿ ಅಂಟಿಕೊಂಡಿತ್ತು. 2022ರಲ್ಲಿ ಅಮೆರಿಕದ ಒಳಾಡಳಿತ ಇಲಾಖೆ ಅಂಥ ಸುಮಾರು 650 ಜಾಗಗಳ ಹೆಸರು ಬದಲಿಸಿತು. ಆಗ ಇಲಾಖೆಯ ಮುಖ್ಯಸ್ಥೆಯಾಗಿದ್ದವರು ಲಗೂನಾ ಪ್ವೆಬ್ಲೊ ಸಮುದಾಯದ ಡೆಬ್ ಹಾಲಂಡ್. ಇಂಡಿಯನ್ ವ್ಯವಹಾರಗಳ ಕಚೇರಿ ಈಗ ಇರುವುದು ಅದೇ ಇಲಾಖೆಯಲ್ಲಿ. ಆ ಕುರ್ಚಿಯಲ್ಲಿ ಮೂಲಜನರೊಬ್ಬರು ಕೂತದ್ದು ಅದೇ ಮೊದಲು.

ಸಮುದಾಯಗಳ ಹೆಸರಿನಲ್ಲೂ ಇದೇ ಸೂಕ್ಷ್ಮ. ಅರಿಝೋನಾದ ‘ಪಾಪಾಗೊ’ ಜನ 1986ರಲ್ಲಿ ಆ ಹೆಸರು ಬಿಟ್ಟು ‘ತೊಹೋನೊ ಓಡಮ್’ ಆದರು. ಅದು ಅವರದೇ ಭಾಷೆಯ ಹೆಸರು. ಅದೇ ಕಡೆಯ ನವಾಹೊ ಜನ ತಮ್ಮ ಭಾಷೆಯಲ್ಲಿ ತಮ್ಮನ್ನು ‘ಡಿನೆ’ ಅನ್ನುತ್ತಾರೆ, ಆದರೆ ಅವರ ಆಡಳಿತದ ಅಧಿಕೃತ ಹೆಸರು ‘ನವಾಹೊ ನೇಷನ್’ ಎಂದೇ ಇದೆ. ಎರಡೂ ಅವರವರ ತೀರ್ಮಾನ. ಹೊರಗಿನ ಹೆಸರೆಲ್ಲ ತಪ್ಪು, ಒಳಗಿನ ಹೆಸರೆಲ್ಲ ಸರಿ ಎಂಬ ಲೆಕ್ಕ ಹಾಕಬೇಡಿ. ಯಾರು ತೀರ್ಮಾನಿಸಿದರು ಅನ್ನೋದನ್ನು ನೋಡಿ.

ಗಡಿ ದಾಟಿ ಕೆನಡಾಕ್ಕೆ ಬಂದರೆ ಇದೇ ‘ಇಂಡಿಯನ್’ ಪದದ ಕಥೆ ತೀರಾ ಬೇರೆ. ಅಲ್ಲಿ ಅದು ಹೆಚ್ಚಾಗಿ ಒಪ್ಪಂದದ ಪದವಾಗಿ ಉಳಿಯದೆ ಹಿಡಿತದ ಪದವಾಯಿತು. 1876ರ ಇಂಡಿಯನ್ ಆ್ಯಕ್ಟ್ ಯಾರು ಇಂಡಿಯನ್, ಯಾರು ಅಲ್ಲ ಎಂದು ಸರ್ಕಾರವೇ ತೀರ್ಮಾನಿಸುವ ಕಾನೂನು. ಅದರ ಮೊದಲ ರೂಪದಲ್ಲಿ ಒಂದು ಕಲಮು ಹೀಗಿತ್ತು: ಇಂಡಿಯನ್ ಒಬ್ಬ ವಿಶ್ವವಿದ್ಯಾಲಯದ ಪದವಿ ಪಡೆದರೆ, ವಕೀಲನಾದರೆ, ಪಾದ್ರಿಯಾದರೆ ಅಲ್ಲಿಂದ ಮುಂದೆ ಅವನು ಇಂಡಿಯನ್ ಅಲ್ಲ. ಓದಿದವನು ಇಂಡಿಯನ್ ಆಗಿರಲು ಸಾಧ್ಯವಿಲ್ಲ ಅನ್ನೋದು ಆ ಕಾನೂನಿನ ನಂಬಿಕೆ. ಪೊಟ್ಲ್ಯಾಚ್ ಎಂಬ ಪಶ್ಚಿಮ ಕರಾವಳಿಯ ದೊಡ್ಡ ಆಚರಣೆಯನ್ನು 1885ರಿಂದ 1951ರವರೆಗೆ ನಿಷೇಧಿಸಿದರು. 1927ರಿಂದ 1951ರವರೆಗೆ ಸರ್ಕಾರದ ಒಪ್ಪಿಗೆ ಇಲ್ಲದೆ ಭೂಮಿಯ ದಾವೆಗಾಗಿ ಹಣ ಕೂಡಿಸಿ ವಕೀಲರನ್ನು ಇಟ್ಟುಕೊಳ್ಳುವುದೇ ಅಪರಾಧ. ನೆಲ ಕಳೆದುಕೊಂಡವರು ಕೋರ್ಟಿಗೆ ಹೋಗುವ ದಾರಿಗೂ ಬೇಲಿ.

ಹೆಂಗಸರ ವಿಷಯವಂತೂ ಓದಿದರೆ ಸಿಟ್ಟು ಬರುತ್ತದೆ. ಸಮುದಾಯದ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಅವಳ ‘ಇಂಡಿಯನ್’ ಸ್ಥಾನ ಹೋಗುತ್ತಿತ್ತು. ತವರಿನ ಮೀಸಲು ನೆಲದಲ್ಲಿ ವಾಸಿಸುವ ಹಕ್ಕೂ ಹೋಗುತ್ತಿತ್ತು, ಮಕ್ಕಳದೂ ಹೋಗುತ್ತಿತ್ತು. ಅದೇ ಗಂಡು ಹೊರಗಿನವಳನ್ನು ಮದುವೆಯಾದರೆ ಅವಳೇ ಇಂಡಿಯನ್ ಆಗುತ್ತಿದ್ದಳು! ಜೆನೆಟ್ ಕಾರ್ಬಿಯರ್ ಲವೆಲ್ ಇದನ್ನು ಪ್ರಶ್ನಿಸಿ 1973ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಸಾಂಡ್ರಾ ಲವ್‌ಲೇಸ್ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯವರೆಗೂ ಹೋದರು. 1981ರಲ್ಲಿ ಸಮಿತಿ ಕೆನಡಾದ ತಪ್ಪನ್ನು ಎತ್ತಿ ತೋರಿಸಿತು. ಕಾನೂನು ತಿದ್ದಿದ್ದು 1985ರಲ್ಲಿ.

ಇಷ್ಟೆಲ್ಲ ಆದಮೇಲೆ ಆ ಪದವನ್ನು ಅಲ್ಲಿನವರು ಯಾಕೆ ಸಹಿಸಲಾರರು ಅಂತ ಕೇಳಬೇಕಿಲ್ಲ, ಅಲ್ವಾ? 1970ರ ದಶಕದಿಂದ ‘ಫಸ್ಟ್ ನೇಷನ್ಸ್’ ಎಂಬ ಪದ ಬೆಳೆಯಿತು. ಕೆನಡಾವನ್ನು ಕಟ್ಟಿದ್ದು ಇಂಗ್ಲಿಷ್, ಫ್ರೆಂಚ್ ಎಂಬ ಎರಡು ಜನಾಂಗಗಳು ಅಂತ ಅಲ್ಲಿ ಹೇಳುವ ವಾಡಿಕೆ ಇತ್ತು. ನಾವು ಅವರಿಗಿಂತ ಮೊದಲಿನ ರಾಷ್ಟ್ರಗಳು ಎಂಬ ಉತ್ತರ ಈ ಹೆಸರಿನಲ್ಲಿದೆ. 1982ರ ಸಂವಿಧಾನದ 35ನೇ ವಿಧಿ ಮೂರು ಗುಂಪುಗಳನ್ನು ಹೆಸರಿಸುತ್ತದೆ: ಇಂಡಿಯನ್, ಇನೂಯಿಟ್, ಮೆಟಿ. ಮೊದಲನೆಯದಕ್ಕೆ ಈಗ ಬಳಸುವುದು ಫಸ್ಟ್ ನೇಷನ್ಸ್. ಮೆಟಿ ಅಂದರೆ ಮೂಲಜನರೂ ಯುರೋಪಿನ ತುಪ್ಪಳ ವ್ಯಾಪಾರಿಗಳೂ ಕೂಡಿದ ಕುಟುಂಬಗಳಿಂದ ಬೆಳೆದು, ತನ್ನದೇ ಗುರುತು ಪಡೆದ ಜನ. ಇಲ್ಲಿ ಅನುವಾದಕರು ಎಡವುವುದು ಸಾಮಾನ್ಯ. ಫಸ್ಟ್ ನೇಷನ್ಸ್ ಅಂದರೆ ಇನೂಯಿಟರೂ ಮೆಟಿಗಳೂ ಸೇರುವುದಿಲ್ಲ. ಮೂವರನ್ನೂ ಒಟ್ಟಿಗೆ ಹೇಳಬೇಕಾದರೆ ‘ಇಂಡಿಜಿನಸ್’, ಅಂದರೆ ಕನ್ನಡದಲ್ಲಿ ಮೂಲನಿವಾಸಿ ಸಮುದಾಯಗಳು. ‘ಇಂಡಿಯನ್’ ಎಂದು ಬರೆಯುವುದು ಕಾಯ್ದೆಯ ಹೆಸರು ಹೇಳುವಾಗ, ಕಾನೂನಿನ ಸ್ಥಾನಮಾನ ವಿವರಿಸುವಾಗ ಮಾತ್ರ.

ಇನ್ನು ಎಸ್ಕಿಮೊ, ಅಂದರೆ ದೂರದ ಉತ್ತರದ ಹಿಮನಾಡಿನ ಇನೂಯಿಟ್ ಜನರಿಗೆ ಹೊರಗಿನವರು ಇಟ್ಟ ಹೆಸರು. ಆ ಪದಕ್ಕೆ ‘ಹಸಿಮಾಂಸ ತಿನ್ನುವವರು’ ಎಂಬ ಅರ್ಥ ಅಂತ ಬಹಳ ಕಾಲ ಹೇಳುತ್ತಿದ್ದರು. ಭಾಷಾತಜ್ಞರಲ್ಲಿ ಅನೇಕರು ಈಗ ಅದನ್ನು ಒಪ್ಪುವುದಿಲ್ಲ. ಹಿಮದ ಮೇಲೆ ನಡೆಯುವ ಬೂಟಿನ ಬಲೆ ಹೆಣೆಯುವುದಕ್ಕೆ ಸಂಬಂಧಿಸಿದ ಪದ ಇರಬೇಕು ಅನ್ನುತ್ತಾರೆ. ಅರ್ಥ ಯಾವುದೇ ಇರಲಿ, ನೆರೆಯವರ ಬಾಯಿಂದ ಯುರೋಪಿಯನ್ನರ ಬಾಯಿಗೆ ಹೋದ ಹೆಸರು ಅದು, ಅವರದಲ್ಲ. ಅವರು ಬೇಡ ಅನ್ನಲು ನಿಘಂಟಿಗಿಂತ ಗಟ್ಟಿ ಕಾರಣ ಇದೆ.

ಇನೂಯಿಟ್ ಜನರಲ್ಲಿ ಮನೆತನದ ಹೆಸರು ಎಂಬುದು ಇರಲಿಲ್ಲ. ತೀರಿಹೋದ ಹಿರಿಯರ ಹೆಸರನ್ನು ಹುಟ್ಟಿದ ಮಗುವಿಗೆ ಇಡುತ್ತಿದ್ದರು. ಅದು ಗಂಡಿನ ಹೆಸರೋ ಹೆಣ್ಣಿನ ಹೆಸರೋ ಎಂಬ ಭೇದ ಇರಲಿಲ್ಲ. ಹೆಸರಿನ ಜೊತೆ ಆ ಹಿರಿಯರ ಸಂಬಂಧಗಳೂ ಮಗುವಿಗೆ ಬರುತ್ತಿದ್ದವು. ಅಜ್ಜಿಯ ಹೆಸರು ಹೊತ್ತ ಮಗುವನ್ನು ತಾಯಿ ‘ಅಮ್ಮ’ ಎಂದು ಕರೆಯಬಹುದಿತ್ತು. ಸರ್ಕಾರದ ಗುಮಾಸ್ತರಿಗೆ ಇದು ತಲೆನೋವಾಯಿತು. ಒಂದೇ ಹೆಸರನ್ನು ಒಬ್ಬೊಬ್ಬ ಅಧಿಕಾರಿ ಒಂದೊಂದು ತರಹ ಬರೆದುಕೊಳ್ಳುತ್ತಿದ್ದ. ಅದಕ್ಕೆ 1941ರಿಂದ ಕೆನಡಾ ಸರ್ಕಾರ ಎಲ್ಲರಿಗೂ ಬಿಲ್ಲೆ ಹಂಚಿತು. ನಾಣ್ಯದ ಹಾಗೆ ಗುಂಡಗಿನ ಸಣ್ಣ ಬಿಲ್ಲೆ, ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲು ಒಂದು ತೂತು. ಒಂದು ಮುಖದಲ್ಲಿ ಕಿರೀಟದ ಚಿತ್ರ, ಸುತ್ತಲೂ ‘ಎಸ್ಕಿಮೊ ಐಡೆಂಟಿಫಿಕೇಷನ್ ಕೆನಡಾ’ ಎಂಬ ಅಕ್ಷರಗಳು. ಇನ್ನೊಂದು ಮುಖದಲ್ಲಿ ಒಂದು ಸಂಖ್ಯೆ. ಮುಂದೆ ಪೂರ್ವದವರಿಗೆ ‘ಇ’, ಪಶ್ಚಿಮದವರಿಗೆ ‘ಡಬ್ಲ್ಯೂ’ ಎಂಬ ಅಕ್ಷರವನ್ನೂ ಸಂಖ್ಯೆಯ ಮುಂದೆ ಹಾಕಿದರು. ಸರ್ಕಾರದ ಕಡತದಲ್ಲಿ ಮನುಷ್ಯರ ಗುರುತು ಈ ಸಂಖ್ಯೆ. 1960ರ ದಶಕದ ಕೊನೆಗೆ ಬಿಲ್ಲೆ ತೆಗೆಯುವ ಕೆಲಸ ಶುರುವಾಯಿತು. ಏಬ್ ಓಕ್‌ಪಿಕ್ ಎಂಬ ಇನೂಯಿಟ್ ಮುಖಂಡರು ಉತ್ತರದ ಊರೂರು ಸುತ್ತಿ ಪ್ರತಿ ಮನೆಯವರಿಗೂ ಮನೆತನದ ಹೆಸರು ಆರಿಸಿಕೊಳ್ಳಲು ಹೇಳಿದರು. ಸಂಖ್ಯೆ ಹೋಯಿತು. ಅವರ ಮೂಲ ಪದ್ಧತಿಯಲ್ಲಿ ಇಲ್ಲದ ಮನೆತನದ ಹೆಸರು ಬಂತು. ಇದು ಬಿಡುಗಡೆ ಹೌದು, ಆದರೆ ಪೂರ್ತಿ ಅವರ ದಾರಿಯ ಬಿಡುಗಡೆ ಅಲ್ಲ.

‘ಎಸ್ಕಿಮೊ’ ಎಂದು ಓದಿದಾಗ ಅವರ ಹಿರಿಯರಿಗೆ ನೆನಪಾಗುವುದು ಕೊರಳಿನ ಆ ಬಿಲ್ಲೆ. 1977ರಲ್ಲಿ ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್‌ಗಳ ಪ್ರತಿನಿಧಿಗಳು ಅಲಾಸ್ಕಾದ ಬ್ಯಾರೊ ಪಟ್ಟಣದಲ್ಲಿ ಸೇರಿ ‘ಇನೂಯಿಟ್’ ಎಂಬುದನ್ನೇ ಒಟ್ಟು ಹೆಸರಾಗಿ ಇಟ್ಟುಕೊಂಡರು. ಆ ಪಟ್ಟಣದ ಹೆಸರೂ ಈಗ ಉತ್ಕಿಯಾಗ್ವಿಕ್. ಕನ್ನಡದಲ್ಲಿ ಬರೆಯುವಾಗ ಒಬ್ಬರಿದ್ದರೆ ‘ಇನೂಕ್’, ಹಲವರಿದ್ದರೆ ‘ಇನೂಯಿಟ್’ ಎಂಬುದು ಅವರ ವ್ಯಾಕರಣ. ಕನ್ನಡದ ಓಟಕ್ಕೆ ‘ಇನೂಯಿಟರು’ ಅಂದರೂ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲಾಸ್ಕಾದ ಯೂಪಿಕ್ ಜನರನ್ನು ಮಾತ್ರ ಯೂಪಿಕ್ ಎಂದೇ ಬರೆಯಿರಿ. ಅವರ ಭಾಷೆಯೇ ಬೇರೆ.

ನಿಮ್ಮ ಪುಸ್ತಕ ಉತ್ತರ ಅಮೆರಿಕದ್ದಾದರೂ ಆಸ್ಟ್ರೇಲಿಯಾದ ಮಾತು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಬ್ರಿಟಿಷರು ತಪ್ಪು ಹೆಸರಿಡುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಇಲ್ಲಿ ಲೆಕ್ಕಕ್ಕೆ ಬರುವವರು ಯಾರೂ ಇಲ್ಲ ಅಂದರು. ಯಾರದ್ದೂ ಅಲ್ಲದ ನೆಲ ಎಂಬ ಈ ವಾದಕ್ಕೆ ಲ್ಯಾಟಿನ್ನಿನಲ್ಲಿ ‘ಟೆರಾ ನಲಿಯಸ್’ ಅನ್ನುತ್ತಾರೆ. 250ಕ್ಕೂ ಹೆಚ್ಚು ಭಾಷೆಗಳಿದ್ದ ಖಂಡ ಅದು! ಟೊರೆಸ್ ಜಲಸಂಧಿಯ ಮೆರ್ ದ್ವೀಪದ ಎಡ್ಡಿ ಮಾಬೊ ವಿಶ್ವವಿದ್ಯಾಲಯವೊಂದರಲ್ಲಿ ತೋಟದ ಮಾಲಿಯಾಗಿದ್ದರು. ಊರಿನ ತಮ್ಮ ಜಮೀನಿನ ಬಗ್ಗೆ ಅಲ್ಲಿನ ಇತಿಹಾಸಕಾರರ ಜೊತೆ ಮಾತಾಡುವಾಗ, ಕಾನೂನಿನ ಪ್ರಕಾರ ಅದು ‘ಕ್ರೌನ್’, ಅಂದರೆ ಸರ್ಕಾರದ ಸೊತ್ತು ಎಂದು ಅವರಿಗೆ ಮೊದಲ ಸಲ ತಿಳಿಯಿತು. 1982ರಲ್ಲಿ ಅವರೂ ಜೊತೆಗಾರರೂ ದಾವೆ ಹೂಡಿದರು. ಯಾವ ತೋಟ ಯಾರದು, ಗಡಿ ಎಲ್ಲಿ, ಯಾರಿಂದ ಯಾರಿಗೆ ಬಂತು ಎಂಬುದನ್ನೆಲ್ಲ ಸಾಕ್ಷಿಯಾಗಿ ಇಟ್ಟರು. 1992ರ ಜೂನ್ 3ರಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟು, ಯಾರದ್ದೂ ಅಲ್ಲದ ನೆಲ ಎಂಬ ಕಥೆಗೆ ತೆರೆ ಎಳೆಯಿತು. ಮಾಬೊ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಅಲ್ಲಿ ‘ಅಬಾರಿಜಿನೀಸ್’ ಎಂಬ ಹಳೆಯ ನಾಮಪದ ಈಗ ಬೇಡ. ‘ಅಬಾರಿಜಿನಲ್ ಮತ್ತು ಟೊರೆಸ್ ಜಲಸಂಧಿ ದ್ವೀಪವಾಸಿ ಜನರು’ ಎಂಬುದು ಸರಿಯಾದ ರೂಪ. ಪ್ರದೇಶ ಗೊತ್ತಿದ್ದರೆ ಕೂರಿ, ಮರ್ರಿ, ನೂಂಗರ್ ಎಂದು ಅಲ್ಲಿನವರ ಹೆಸರೇ ಇನ್ನೂ ಚೆನ್ನ.

ಇದನ್ನೆಲ್ಲ ಬಿಳಿಯರ ಕಥೆ ಎಂದಷ್ಟೇ ಮಕ್ಕಳಿಗೆ ಹೇಳಬೇಡಿ. ಜಪಾನ್ ಹೊಕ್ಕೈಡೊ ದ್ವೀಪವನ್ನು ತನ್ನದಾಗಿಸಿಕೊಂಡಾಗ ಐನು ಜನರಿಗೂ ಇದೇ ಆಯಿತು. 1899ರಲ್ಲಿ ಅವರಿಗಾಗಿ ಮಾಡಿದ ಕಾಯ್ದೆಯ ಹೆಸರಿನಲ್ಲೇ ಅವರು ‘ಹಿಂದಿನ ಮೂಲವಾಸಿಗಳು’. ಆ ಕಾಯ್ದೆ 1997ರವರೆಗೂ ಇತ್ತು. ‘ಐನು’ ಅಂದರೆ ಅವರ ಭಾಷೆಯಲ್ಲಿ ಮನುಷ್ಯ. ಆದರೆ ಜಪಾನೀಯರ ಬಾಯಲ್ಲಿ ಅದು ಎಷ್ಟು ಹೀನ ಪದವಾಯಿತೆಂದರೆ, 1961ರಲ್ಲಿ ಅವರ ಸಂಘವೇ ತನ್ನ ಹೆಸರಿನಿಂದ ಐನು ತೆಗೆದು, ಸಂಗಾತಿ ಎಂಬ ಅರ್ಥದ ‘ಉತಾರಿ’ ಇಟ್ಟುಕೊಂಡಿತು. 2009ರಲ್ಲಿ ಮತ್ತೆ ಐನು ಹೆಸರಿಗೇ ಮರಳಿತು. ತೈವಾನ್‌ನಲ್ಲಿ ಸರ್ಕಾರ ಮೂಲಜನರನ್ನು ‘ಬೆಟ್ಟದ ಬಂಧುಗಳು’ ಅನ್ನುತ್ತಿತ್ತು. ಕೇಳಲು ಅಕ್ಕರೆಯ ಮಾತು. ಆದರೆ ಅವರಲ್ಲೇ ದೊಡ್ಡ ಸಮುದಾಯವಾದ ಆಮಿಸ್ ಜನ ಇರುವುದು ಹೆಚ್ಚಾಗಿ ಪೂರ್ವದ ಕರಾವಳಿಯಲ್ಲಿ, ಬಯಲಿನಲ್ಲಿ! ಹತ್ತು ವರ್ಷ ಹೋರಾಡಿ 1994ರಲ್ಲಿ ಸಂವಿಧಾನದಲ್ಲೇ ‘ಮೂಲನಿವಾಸಿ’ ಎಂದು ಬರೆಸಿದರು. 1997ರಲ್ಲಿ ಅದನ್ನು ‘ಮೂಲನಿವಾಸಿ ಜನಾಂಗಗಳು’ ಎಂದು ಬಲಪಡಿಸಿದರು.

ಈ ಬಹುವಚನ (ಇಂಗ್ಲಿಷಿನಲ್ಲಿ ‘ಪೀಪಲ್ಸ್’) ಸಣ್ಣ ವಿಷಯವಲ್ಲ. ಹಿಂದುಳಿದ ಒಂದಷ್ಟು ಮಂದಿ ಅಂದರೆ ಅವರಿಗೆ ಕಲ್ಯಾಣ ಯೋಜನೆ ಸಾಕು. ಜನಾಂಗ ಅಂದರೆ ತನ್ನ ದಾರಿಯನ್ನು ತಾನೇ ತೀರ್ಮಾನಿಸುವ ಹಕ್ಕು ಬರುತ್ತದೆ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಆ ಹಕ್ಕು ಇರುವುದು ಜನಾಂಗಗಳಿಗೆ. ಸರ್ಕಾರಗಳು ದಶಕಗಳ ಕಾಲ ಈ ಬಹುವಚನವನ್ನು ತಡೆದದ್ದು ಅದಕ್ಕೇ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿ ಜನಾಂಗಗಳ ಹಕ್ಕುಗಳ ಘೋಷಣೆ ಅಂಗೀಕರಿಸಿದಾಗ 144 ದೇಶಗಳು ಪರವಾಗಿದ್ದವು. ವಿರೋಧಿಸಿದ್ದು ನಾಲ್ಕೇ ದೇಶ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ನಾಲ್ಕೂ ಮೂಲಜನರ ನೆಲದ ಮೇಲೆ ವಲಸಿಗರು ಕಟ್ಟಿದ ದೇಶಗಳು. ಮುಂದೆ ನಾಲ್ಕೂ ಮನಸ್ಸು ಬದಲಿಸಿದವು.

ಭಾರತ ಅಂದು ಪರವಾಗಿ ಮತ ಹಾಕಿತು. ಆದರೆ ಸ್ವಾತಂತ್ರ್ಯದ ನಂತರ ಇಲ್ಲಿರುವ ಎಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಕಾನೂನಿನಲ್ಲಿ ಇರುವ ಪದ ಪರಿಶಿಷ್ಟ ಪಂಗಡ. ‘ಆದಿವಾಸಿ’ ಸಮುದಾಯಗಳೇ ಎತ್ತಿಕೊಂಡು ಬೆಳೆಸಿದ ಪದ. ಸಂವಿಧಾನ ಸಭೆಯಲ್ಲಿ ಆದಿವಾಸಿ ಮುಖಂಡ ಜೈಪಾಲ್ ಸಿಂಗ್ ಮುಂಡಾ ಅದಕ್ಕಾಗಿ ಪಟ್ಟುಹಿಡಿದು ವಾದಿಸಿದರು. 1946ರ ಡಿಸೆಂಬರ್‌ನಲ್ಲಿ ಅದೇ ಸಭೆಯಲ್ಲಿ ನಿಂತು, ಜನ ನಮ್ಮನ್ನು ಜಂಗ್ಲಿ ಅನ್ನುತ್ತಾರೆ, ಜಂಗ್ಲಿ ಆಗಿರುವುದು ನನಗೆ ಹೆಮ್ಮೆ ಎಂದವರು ಅವರು. ಅಂಥ ಹೋರಾಟದ ನೆನಪಿರುವ ಪದವನ್ನು ಕ್ರೀ ಅಥವಾ ಲಕೋಟಾ ಜನರ ಮೇಲೆ ಹೊದಿಸಿದರೆ ಓದುಗರ ಮನಸ್ಸಿಗೆ ನಮ್ಮ ನಾಡಿನ ಚಿತ್ರ ಬರುತ್ತದೆ. ಆದ್ದರಿಂದ ನಾನಾದರೆ ಅಮೆರಿಕ ಖಂಡದವರಿಗೆ ‘ಮೂಲನಿವಾಸಿಗಳು’ ಎಂದು ಬರೆಯುತ್ತೇನೆ. ಆ ಪದಕ್ಕೂ ಇಲ್ಲಿ ಬೇರೊಂದು ರಾಜಕೀಯ ಬಳಕೆ ಇದೆ, ಆದರೆ ಸಂದರ್ಭದಿಂದ ಗೊಂದಲ ತಪ್ಪುತ್ತದೆ. ‘ಬುಡಕಟ್ಟು’ ಎಂಬುದನ್ನು ಅಮೆರಿಕದ ಮಟ್ಟಿಗೆ ಬಳಸಬಹುದು, ಯಾಕೆಂದರೆ ಅಲ್ಲಿ ಕೇಂದ್ರ ಸರ್ಕಾರ ಮಾನ್ಯ ಮಾಡಿದ 570ಕ್ಕೂ ಹೆಚ್ಚು ಸಮುದಾಯಗಳಿಗೆ ಕಾನೂನಿನಲ್ಲಿ ಅದೇ ಅರ್ಥದ ಪದ ಇದೆ. ಕೆನಡಾಕ್ಕೆ ಬೇಡ. ‘ಕಾಡುಜನ’, ‘ಅನಾಗರಿಕರು’ ಎಲ್ಲೂ ಬೇಡ.

ನಾಮಪದ ಸರಿಮಾಡಿ ಕ್ರಿಯಾಪದದಲ್ಲಿ ಸೋಲುವವರು ಜಾಸ್ತಿ. ನಿಮ್ಮ ಹಸ್ತಪ್ರತಿಯಲ್ಲಿ ಇದನ್ನು ದಯವಿಟ್ಟು ಹುಡುಕಿ. ‘ಲಕೋಟಾ ಜನರು ಬಯಲಿನಲ್ಲಿ ವಾಸಿಸುತ್ತಿದ್ದರು, ಅವರದೇ ಭಾಷೆ ಇತ್ತು’ ಎಂದು ಬರೆದರೆ ಅವರು ಈಗ ಇಲ್ಲ ಎಂದಾಯಿತು. ಅವರು ಇದ್ದಾರೆ, ಭಾಷೆಯೂ ಇದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ 1876ರಲ್ಲಿ ಟ್ರುಗನಿನಿ ಎಂಬ ಹೆಂಗಸು ತೀರಿಕೊಂಡಾಗ ಅಲ್ಲಿನ ಮೂಲಜನರಲ್ಲಿ ಕೊನೆಯವಳು ಎಂದು ಸಾರಿಬಿಟ್ಟರು. ಸತ್ತ ಮೇಲೆ ತನ್ನ ದೇಹವನ್ನು ಕೆಡಿಸಬೇಡಿ ಎಂದು ಅವಳು ಬೇಡಿಕೊಂಡಿದ್ದರೂ, ಅಸ್ಥಿಪಂಜರವನ್ನು ಮ್ಯೂಸಿಯಂನಲ್ಲಿ 1947ರವರೆಗೆ ಪ್ರದರ್ಶನಕ್ಕಿಟ್ಟರು. 1976ರಲ್ಲಿ ಅವಳ ಬೂದಿಯನ್ನು ನೀರಿಗೆ ಬಿಟ್ಟವರು ಅವಳದೇ ಜನ. ಇಲ್ಲ ಎಂದು ಪಾಠಪುಸ್ತಕ ಹೇಳುತ್ತಿದ್ದ ಜನ. ‘ಇದ್ದರು’ ಎಂಬ ಒಂದು ಪದ ಇರುವವರ ಭೂಮಿಯ ಹಕ್ಕನ್ನೂ ಅಳಿಸುತ್ತದೆ. ಹಾಗೆಯೇ ‘ಕೊಲಂಬಸ್ ಅಮೆರಿಕವನ್ನು ಕಂಡುಹಿಡಿದ’ ಎಂಬ ವಾಕ್ಯವನ್ನೂ ‘ಅಲ್ಲಿಗೆ ಬಂದ’ ಎಂದು ತಿದ್ದಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಹೆಸರು ಬದಲಿಸಿದರೆ ಬದುಕು ಬದಲಾಗುತ್ತದೆಯೇ? ಹೆಸರೊಂದೇ ಬದಲಾದರೆ ಇಲ್ಲ. ಕೆನಡಾದ ಸಂಬಂಧಪಟ್ಟ ಇಲಾಖೆ ‘ಇಂಡಿಯನ್’ ಬಿಟ್ಟು 2011ರಲ್ಲಿ ‘ಅಬಾರಿಜಿನಲ್’ ಆಯಿತು, 2015ರಲ್ಲಿ ‘ಇಂಡಿಜಿನಸ್’ ಆಯಿತು. ಅದೇ ಹೊತ್ತಿಗೆ ಎಷ್ಟೋ ಮೀಸಲು ನೆಲಗಳಲ್ಲಿ ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ ಎಂಬ ಎಚ್ಚರಿಕೆ ವರ್ಷಗಟ್ಟಲೆ ಹಾಗೇ ಇತ್ತು. 2021ರೊಳಗೆ ದೀರ್ಘಕಾಲದ ಅಂಥ ಎಚ್ಚರಿಕೆಗಳನ್ನೆಲ್ಲ ಕೊನೆಗೊಳಿಸುತ್ತೇವೆ ಎಂದ ಸರ್ಕಾರಕ್ಕೆ ಮಾತು ಉಳಿಸಿಕೊಳ್ಳಲು ಆಗಲಿಲ್ಲ. ಬೋರ್ಡು ಬರೆಸುವುದು ಪೈಪು ಹಾಕುವುದಕ್ಕಿಂತ ಸುಲಭ. ಇದನ್ನು ಅಲ್ಲಿನ ಮೂಲಜನರೇ ಎಲ್ಲರಿಗಿಂತ ಮೊದಲು ಹೇಳುತ್ತಾರೆ.

ಆದರೆ ಇದು ಸುಮ್ನೆ ನಾಜೂಕು ಎಂದು ತಳ್ಳಿಹಾಕುವುದಕ್ಕೂ ಆಗದು. ಕೆನಡಾದಲ್ಲಿ ಸುಮಾರು 1,50,000 ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿ ಶಾಲೆಗಳಿಗೆ ಹಾಕಿದರು. 1990ರ ದಶಕದವರೆಗೂ ಅಂಥ ಶಾಲೆಗಳಿದ್ದವು. ಕೂದಲು ಕತ್ತರಿಸಿ, ಭಾಷೆ ಆಡಿದರೆ ಹೊಡೆದು, ಹೆಸರು ಬದಲಿಸಿ ಇಂಗ್ಲಿಷ್ ಅಥವಾ ಫ್ರೆಂಚ್ ಹೆಸರಿಟ್ಟರು. ಎಷ್ಟೋ ಕಡೆ ಮಕ್ಕಳನ್ನು ಸಂಖ್ಯೆಯಿಂದ ಕರೆದರು. ಆ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಬೇಡಿಕೆ ಮುಂದಿಟ್ಟಿತು. ಅದರಲ್ಲಿ ಮಕ್ಕಳ ರಕ್ಷಣೆ ಇದೆ, ಆರೋಗ್ಯ ಇದೆ, ನ್ಯಾಯ ಇದೆ. 17ನೆಯದು ಇದು: ಶಾಲೆ ಕಿತ್ತುಕೊಂಡ ಹೆಸರನ್ನು ಆ ಮಕ್ಕಳೂ ಅವರ ಮನೆಯವರೂ ವಾಪಸ್ ಪಡೆಯಲು ಬಂದರೆ, ಐದು ವರ್ಷ ಕಾಲ ಯಾವ ಸರ್ಕಾರಿ ಶುಲ್ಕವೂ ಬೇಡ. 2021ರ ಜೂನ್‌ನಿಂದ ಕೆನಡಾ ಪಾಸ್‌ಪೋರ್ಟ್‌ನಲ್ಲೂ ತಮ್ಮ ಮೂಲ ಹೆಸರು ಬರೆಸಿಕೊಳ್ಳುವ ಅವಕಾಶ ಕೊಟ್ಟಿತು. ಎಂಬತ್ತರ ಅಜ್ಜಿಯೊಬ್ಬಳು ತಾಯಿ ಇಟ್ಟ ಹೆಸರಿನಲ್ಲಿ ಗುರುತಿನ ಚೀಟಿ ಕೇಳಬಹುದು ಅಂದರೆ, ಅದು ಅವಳ ಬದುಕಿನಲ್ಲಿ ಆದ ಬದಲಾವಣೆಯೇ ಅಲ್ಲವೇ?

ನಿಮ್ಮ ಪುಸ್ತಕಕ್ಕೆ ಮರಳಿದರೆ, ಹಳೆಯ ಕಾಲದ ಪಾತ್ರವೊಂದು, ಸಿಪಾಯಿಯೋ ಪಾದ್ರಿಯೋ, ಹೀನಾಯವಾದ ಪದ ಆಡಿದರೆ ಅದನ್ನು ತಿದ್ದಿ ಚೆಂದ ಮಾಡಬೇಡಿ. ಅವರ ಬಾಯಲ್ಲಿ ಅದೇ ಇರಲಿ. ಆದರೆ ಕಥೆ ಹೇಳುವ ನಿಮ್ಮ ದನಿಯಲ್ಲಿ ಬರಬಾರದು. ಮುನ್ನುಡಿಯಲ್ಲಿ ನಾಲ್ಕು ಸಾಲು ಬರೆದು ಈ ವ್ಯತ್ಯಾಸವನ್ನು ಮಕ್ಕಳಿಗೆ ನೇರವಾಗಿ ತಿಳಿಸಿ. ಅವರಿಗೆ ಅರ್ಥವಾಗುತ್ತದೆ. ಹೆಸರುಗಳ ಉಚ್ಚಾರಕ್ಕೆ ಇಂಗ್ಲಿಷ್ ಕಾಗುಣಿತವನ್ನು ನಂಬಬೇಡಿ. ಬಹಳಷ್ಟು ಸಮುದಾಯಗಳು ತಮ್ಮ ಜಾಲತಾಣಗಳಲ್ಲಿ ಹೆಸರನ್ನು ಹೇಗೆ ಹೇಳಬೇಕೆಂದು ಧ್ವನಿ ಸಮೇತ ಹಾಕಿವೆ. ಅದನ್ನು ಕೇಳಿ ಬರೆಯಿರಿ. ಕನ್ನಡ ಲಿಪಿಯಲ್ಲಿ ಅದರಲ್ಲಿ ಬಹುಪಾಲನ್ನು ಕೇಳಿದ ಹಾಗೇ ಬರೆಯಬಹುದು.